ರೆಡ್ ಡಾಟ್ ಕೊಳ್ಳಲು ಹೋಗಿ ಕನ್ನಡಕ ಕೊಂಡ ಕಥೆ

ನನ್ನ ಏರ್ ರೈಫಲ್ಲಿಗೆ ರೆಡ್ ಡಾಟ್ ಅನ್ನುವ ಸೈಟು, ಅಂದರೆ ಗುರಿ ಹಿಡಿಯಲು ಗನ್ನಿನ ಮೇಲೆ ಕೂರಿಸುವ ಸಾಧನ, ಕೊಳ್ಳುವ ಕೆಲಸ ಜೂನ್ ಮೊದಲ ವಾರ ಶುರುವಾಗಿದ್ದು ಅಕ್ಟೋಬರ್ ಕೊನೆಗೆ ಮುಗಿಯಿತು. ನಡುವೆ ಎರಡು ಸೈಟು, ಒಂದು ವಾಪಸಾತಿ, ಪೀಣ್ಯಕ್ಕೆ ಒಂದು ದಂಡಯಾತ್ರೆ, ಕಣ್ಣಿನ ಡಾಕ್ಟರ ಮುಂದೆ ಒಂದು ಇಡೀ ಮಧ್ಯಾಹ್ನ. ಯಾರಾದರೂ ಮೊದಲೇ ನಾಲ್ಕು ಮಾತು ಹೇಳಿದ್ದರೆ ಹದಿನೈದು ದಿನದ ಕೆಲಸ ಇದು. ಹಾಗಾಗಿ ಆ ನಾಲ್ಕು ಮಾತನ್ನು ನಾನೇ ಬರೆದಿಡುತ್ತಿದ್ದೇನೆ.

ನನಗೆ ಈಗ 53. ಬ್ಯಾಂಕಿನಲ್ಲಿ ಕೆಲಸ, ಮನೆ ಬಸವೇಶ್ವರನಗರ. ಮೂರು ವರ್ಷದ ಹಿಂದೆ ಒಂದು ಏರ್ ರೈಫಲ್ ತಗೊಂಡೆ. ಬ್ಯಾರೆಲ್ ಮಡಚಿ ಪೆಲೆಟ್, ಅಂದರೆ ಪುಟ್ಟ ಗುಂಡು, ಹಾಕುವ ಸ್ಪ್ರಿಂಗ್ ಗನ್ನು, .177 ಬೋರು, ಅಂದರೆ ಬ್ಯಾರೆಲ್ಲಿನ ಒಳಗಿನ ಅಗಲ 4.5 ಮಿಲಿಮೀಟರ್. 2016ರ ಆಯುಧ ನಿಯಮಗಳ ಪ್ರಕಾರ ಈ ಬೋರಿನ ಒಳಗೆ, 20 ಜೂಲ್ ಶಕ್ತಿಯ ಒಳಗೆ ಇರುವ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಆದರೆ ಅಂಗಡಿಯವರು ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳುತ್ತಾರೆ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಬಿಲ್ಲನ್ನು ಮಾತ್ರ ಕಳೆಯಬೇಡಿ. ನಾನು ಅದರ ಜೆರಾಕ್ಸ್ ಒಂದನ್ನು ರೈಫಲ್ ಚೀಲದಲ್ಲೇ ಇಟ್ಟಿದ್ದೇನೆ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಕೇಳಿದರೆ ಮೊದಲು ತೆಗೆದು ತೋರಿಸುವುದು ಅದನ್ನೇ. ಮೆಟ್ರೋದಲ್ಲಂತೂ ಒಯ್ಯೋ ಹಾಗಿಲ್ಲ. ಸ್ಕೂಟರಿನಲ್ಲೋ ಆಟೋದಲ್ಲೋ ಹೋಗಬೇಕು. ಆಟೋದವರು ನೂರಕ್ಕೆ ತೊಂಬತ್ತು ಸಲ "ಗಿಟಾರಾ ಸಾರ್?" ಅನ್ನುತ್ತಾರೆ. ನಾನೂ ಹೂಂ ಅಂದುಬಿಡುತ್ತೇನೆ.

ಭಾನುವಾರ ಬೆಳಿಗ್ಗೆ 10 ಮೀಟರ್ ಒಳಾಂಗಣ ರೇಂಜಿಗೆ ಹೋಗಿ ಒಂದು ಗಂಟೆ ಹೊಡೆದು ಬರುವುದು ನನ್ನ ಪದ್ಧತಿ. ಮನೆ ತಾರಸಿಯ ಮೇಲೆ ಹೊಡೆಯುವ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ಪಕ್ಕದ ಮನೆ ನೀರಿನ ಟ್ಯಾಂಕು, ಒಣಗಿ ಹಾಕಿದ ಬಟ್ಟೆ, ಗಾಳಿಪಟದ ಹುಡುಗರು. ಬೆಂಗಳೂರಿನ ತಾರಸಿ ಅದಕ್ಕಲ್ಲ.

ಹೋದ ವರ್ಷದಿಂದ ಒಂದು ತೊಂದರೆ ಶುರುವಾಯಿತು. ರೈಫಲ್ ಭುಜಕ್ಕೆ ಇಟ್ಟರೆ ಹಿಂದಿನ ಸೈಟಿನ ಕಚ್ಚು ಹತ್ತಿಯ ಹಾಗೆ ಮಸುಕು. ಮುಂದಿನ ಸೈಟಿನ ಕಡ್ಡಿ ಎರಡಾಗಿ ಕಾಣುತ್ತದೆ. ಅದನ್ನು ಹೇಗೋ ಸ್ಪಷ್ಟ ಮಾಡಿಕೊಂಡರೆ ಆಚೆಯ ಗುರಿ ಕಾರ್ಡು ಮಂಜು. ಹತ್ತು ಗುಂಡು ಒಂದು ಅಂಗೈ ಅಗಲದಲ್ಲಿ ಚೆಲ್ಲಿಕೊಳ್ಳುತ್ತಿದ್ದವು. ನಾನು ಗನ್ನನ್ನು ಬೈದೆ, ಪೆಲೆಟ್ ಬದಲಿಸಿದೆ, ಮತ್ತೆ ಗನ್ನನ್ನು ಬೈದೆ. ಆಫೀಸಿನಲ್ಲಿ ವಿರಾಜಪೇಟೆ ಕಡೆಯ ಗೆಳೆಯರೊಬ್ಬರಿದ್ದಾರೆ. ಮನೆಯಲ್ಲಿ ಅಜ್ಜನ ಕಾಲದ ಕೋವಿ ಇರುವವರು, ಕೊಡವರ ಕೈಲ್ ಪೊಳ್ದ್ ಹಬ್ಬ ಬಂದರೆ ರಜೆ ಹಾಕಿ ತೆಂಗಿನಕಾಯಿಗೆ ಗುಂಡು ಹೊಡೆಯಲು ಊರಿಗೆ ಹೋಗುವವರು. ಅವರು ಊಟದ ಡಬ್ಬಿ ಮುಚ್ಚುತ್ತಾ, "ಕೋವಿ ಸರಿ ಇದೆ, ನಿಮ್ ಕಣ್ಣಿಗೆ ವಯಸ್ಸಾಗಿದೆ ಅಷ್ಟೇ" ಅಂದರು. ಬೇಜಾರಾಯಿತು. ಅವರ ಮಾತು ಎಷ್ಟು ನಿಜ ಅಂತ ಗೊತ್ತಾಗೋಕೆ ನನಗೆ ಇನ್ನೂ ಮೂರು ತಿಂಗಳು ಬೇಕಿತ್ತು.

ರೇಂಜಿನ ಕೋಚ್ ರೆಡ್ ಡಾಟ್ ಹಾಕಿ ನೋಡಿ ಅಂದರು. ಹೀಗೆ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಸೈಟಿನ ಒಳಗೆ ಒಂದು ಪುಟ್ಟ ಎಲ್‌ಇಡಿ ಇರುತ್ತದೆ. ಅದರ ಬೆಳಕು ಮುಂದಿರುವ ಬಾಗಿದ ಗಾಜಿಗೆ ಬಡಿದು ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ಗಾಜಿನ ಮೇಲಿನ ಲೇಪನ ಕೆಂಪು ಬಣ್ಣವನ್ನಷ್ಟೇ ಹಿಂದಕ್ಕೆ ತಿರುಗಿಸಿ ಉಳಿದ ಬೆಳಕನ್ನು ಆಚೆ ಬಿಡುತ್ತದೆ. ಹೀಗಾಗಿ ಕಾರ್ಡೂ ಕಾಣುತ್ತದೆ, ಅದರ ಮೇಲೆ ಚುಕ್ಕಿಯೂ ಕಾಣುತ್ತದೆ. ಮುಖ್ಯ ವಿಷಯ ಏನೆಂದರೆ ಆ ಚುಕ್ಕಿ ಗಾಜಿನ ಮೇಲೆ ಇದ್ದ ಹಾಗೆ ಕಾಣುವುದಿಲ್ಲ, ದೂರದಲ್ಲಿ ಇದ್ದ ಹಾಗೆ ಕಾಣುತ್ತದೆ. ಹಿಂದಿನ ಕಚ್ಚು, ಮುಂದಿನ ಕಡ್ಡಿ, ಕಾರ್ಡು ಅಂತ ಕಣ್ಣು ಮೂರು ಕಡೆ ಓಡಾಡುವುದು ತಪ್ಪುತ್ತದೆ. ದೂರ ನೋಡಿದರೆ ಸಾಕು. ಚಾಳೀಸು ಬಂದವರಿಗೆ ಇದು ವರ.

ಉಪಾಯ ಹಳೆಯದೇ. ಹೊವರ್ಡ್ ಗ್ರಬ್ ಅನ್ನುವ ಐರ್ಲೆಂಡಿನವರು ಗಾಜಿನಲ್ಲಿ ಗುರಿ ಪ್ರತಿಫಲಿಸುವ ಸೈಟಿಗೆ 1900ರಲ್ಲೇ ಪೇಟೆಂಟ್ ಪಡೆದಿದ್ದರು. ಬ್ಯಾಟರಿಯಿಂದ ಉರಿಯುವ ಕೆಂಪು ಚುಕ್ಕಿಯನ್ನು 1975ರಲ್ಲಿ ಮಾರುಕಟ್ಟೆಗೆ ತಂದಿದ್ದು ಸ್ವೀಡನ್ನಿನ ಏಮ್‌ಪಾಯಿಂಟ್. ನಾನು ಹುಡುಕಿದ್ದು ಅವರದ್ದಲ್ಲ ಬಿಡಿ. ಆ ಬೆಲೆಗೆ ನನ್ನ ರೈಫಲ್ಲೇ ನಾಲ್ಕೈದು ಬರುತ್ತದೆ.

ಜೂನ್ ಎರಡನೇ ವಾರ 2,400 ರೂಪಾಯಿಯ ಒಂದು ಸೈಟನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಮುಂದೆ ಒಂದು ಕಿಟಕಿ ಗಾಜು, ಎಲ್‌ಇಡಿ ಬಯಲಲ್ಲೇ ಕೂತಿರುವ ಮಾದರಿ. ಡಬ್ಬಿ ಬಿಚ್ಚಿ ರೈಫಲ್ ಮೇಲೆ ಇಟ್ಟೆ. ಕೂರಲಿಲ್ಲ. ತಿರುಗಿಸಿ ಇಟ್ಟೆ. ಆಗಲೂ ಕೂರಲಿಲ್ಲ.

ಮೊದಲ ಪಾಠ ಇದೇ. ಏರ್ ರೈಫಲ್ ಮೈಮೇಲೆ ಸಾಮಾನ್ಯವಾಗಿ ಇರುವುದು 11 ಮಿಲಿಮೀಟರಿನ ಡವ್‌ಟೇಲ್, ಅಂದರೆ ಉದ್ದಕ್ಕೆ ಕೊರೆದ ಎರಡು ಸಣ್ಣ ಗೀರು. ರೆಡ್ ಡಾಟ್‌ಗಳ ಬುಡ ಬರುವುದು ಹೆಚ್ಚಾಗಿ ಪಿಕಟಿನಿ ರೈಲಿಗೆ, ಅಂದರೆ ಸೈಟು ಕೂರಿಸುವ ಇನ್ನೊಂದು ಥರದ ಪಟ್ಟಿಗೆ. ಅದರ ಅಗಲ ಸುಮಾರು ಎರಡರಷ್ಟು, ನಡುವೆ ಅಡ್ಡಡ್ಡ ಕಚ್ಚುಗಳಿರುತ್ತವೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಕೊಳ್ಳುವ ಮೊದಲು ಒಂದು ಸ್ಕೇಲ್ ಹಿಡಿದು ನಿಮ್ಮ ಗನ್ನಿನ ಮೇಲ್ಭಾಗ ಅಳೆಯಿರಿ. ಅರ್ಧ ನಿಮಿಷದ ಕೆಲಸ. ನಾನು ಅಳೆಯಲಿಲ್ಲ.

ಬೆಂಗಳೂರಿನಲ್ಲಿ ಇದ್ದುಕೊಂಡು ಒಂದು ತುಂಡು ಅಲ್ಯೂಮಿನಿಯಂ ಕೊರೆಸೋಕೆ ಆಗಲ್ವಾ ಅಂತ ಶನಿವಾರ ಪೀಣ್ಯಕ್ಕೆ ಹೋದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲೇ ಇಪ್ಪತ್ತೈದು ನಿಮಿಷ ನಿಂತೆ. ರೈಫಲ್ ಒಯ್ದಿರಲಿಲ್ಲ, ಸೈಟು ಮತ್ತು ಒಂದು ಕಾಗದದಲ್ಲಿ ಬರೆದ ಅಳತೆ ಅಷ್ಟೇ. ಮೊದಲ ಲೇತ್ ಅಂಗಡಿಯವರು ಸೈಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಯಾವುದಕ್ಕೆ ಸಾರ್?" ಅಂದರು. ಏರ್ ಗನ್ನಿಗೆ ಅಂದೆ. ಸೈಟನ್ನು ನಿಧಾನಕ್ಕೆ ಮೇಜಿನ ಮೇಲಿಟ್ಟು ಬೆರಳಿನಿಂದ ನನ್ನ ಕಡೆ ಸರಿಸಿದರು. "ಬಂದೂಕಿನ ಕೆಲಸ ನಾವು ಮಾಡಲ್ಲ ಸಾರ್. ನಾಳೆ ಯಾರಾದ್ರೂ ಬಂದು ಕೇಳಿದ್ರೆ?" ಎರಡನೇ ಅಂಗಡಿಯಲ್ಲೂ ಅದೇ ಮಾತು, ಜೊತೆಗೆ ಒಂದು ಟೀ ಕೊಟ್ಟರು. ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಅವರು ಹೇಳಿದ್ದೇ ಸರಿ.

ಇಲ್ಲಿ ಲೈಸೆನ್ಸ್ ಗನ್ನು ಇಟ್ಟುಕೊಂಡವರಿಗೆ ಒಂದು ಮಾತು. ಪಿಸ್ತೂಲಿನ ಸ್ಲೈಡ್ ಕೊರೆಸುವುದು, ಬಂದೂಕಿಗೆ ತೂತು ಹಾಕಿಸುವುದು ಇದ್ಯಾವುದನ್ನೂ ಲೇತ್ ಅಂಗಡಿಯಲ್ಲಿ ಮಾಡಿಸಬೇಡಿ. 1959ರ ಆಯುಧ ಕಾಯ್ದೆಯಲ್ಲಿ ಬಂದೂಕು ತಯಾರಿಸುವುದಕ್ಕೆ ಮಾತ್ರ ಅಲ್ಲ, ರಿಪೇರಿ ಮಾಡುವುದಕ್ಕೂ ರೂಪ ಬದಲಿಸುವುದಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಡೀಲರ್ ಹತ್ತಿರವೇ ಹೋಗಿ, ಮಾಡಿಸಿದ ಕೆಲಸಕ್ಕೆ ಬಿಲ್ ತಗೊಳ್ಳಿ.

ಕೊನೆಗೆ ನನಗೆ ಬೇಕಾಗಿದ್ದು ರೆಡಿಮೇಡ್ ಆಗಿಯೇ ಸಿಕ್ಕಿತು. ಡವ್‌ಟೇಲಿನಿಂದ ಪಿಕಟಿನಿಗೆ ಬದಲಿಸುವ ಅಡಾಪ್ಟರ್, 650 ರೂಪಾಯಿ, ಬರಲು ಒಂಬತ್ತು ದಿನ. ಕೊಳ್ಳುವಾಗ ಅಡಿಯಲ್ಲಿ ಸ್ಟಾಪ್ ಪಿನ್ ಇದೆಯಾ ನೋಡಿ. ಗನ್ನಿನ ಮೇಲಿರುವ ತೂತಿಗೆ ಅದು ಇಳಿದು ಕೂರುತ್ತದೆ. ಸ್ಪ್ರಿಂಗ್ ಗನ್ನು ಒದೆಯುವಾಗ ಅಡಾಪ್ಟರ್ ಹಿಂದೆ ಹಿಂದೆ ಜಾರದಂತೆ ತಡೆಯುವುದು ಅದೇ.

ಜುಲೈ ಮೊದಲ ಭಾನುವಾರ ಎಲ್ಲ ಜೋಡಿಸಿ, ಬ್ಯಾಟರಿ ಹಾಕಿ, ಉಸಿರು ಬಿಗಿಹಿಡಿದು ನೋಡಿದೆ. ಚುಕ್ಕಿ ಇರಲಿಲ್ಲ. ಅಂದರೆ ಕೆಂಪು ಇತ್ತು, ಚುಕ್ಕಿ ಇರಲಿಲ್ಲ. ಬೆವರಿದ ಹಣೆಯ ಮೇಲಿನ ಕುಂಕುಮ ಇಳಿದಿರುತ್ತದಲ್ಲ, ಹಾಗೆ. ಮೇಲೆ ದಪ್ಪ, ಕೆಳಗೆ ಓರೆಯಾಗಿ ಒಂದು ಬಾಲ, ಬಾಲದ ಪಕ್ಕ ಇನ್ನೊಂದು ಸಣ್ಣ ಕಲೆ. ಇದಕ್ಕೇನಾ 2,400 ಕೊಟ್ಟಿದ್ದು ಅನ್ನಿಸಿತು. ಅವತ್ತೇ ಮಧ್ಯಾಹ್ನ ವಾಪಸ್ ಮಾಡಲು ಅರ್ಜಿ ಹಾಕಿದೆ. ಕಾರಣ: "ಮಾಲು ದೋಷಪೂರಿತ".

ವಾಪಸ್ ಕಳಿಸುವುದೂ ಸುಲಭ ಆಗಲಿಲ್ಲ. ಮಾರಿದವರು ನೀವೇ ಕೊರಿಯರ್ ಮಾಡಿ ಅಂದರು. ಪಾರ್ಸೆಲ್ ಚೀಟಿಯಲ್ಲಿ ನಾನು ಪ್ರಾಮಾಣಿಕವಾಗಿ "ಗನ್ ಸೈಟ್" ಅಂತ ಬರೆದೆ. ಕೌಂಟರಿನ ಹುಡುಗ "ಗನ್" ಅಂತ ಓದಿ ಅಲ್ಲಿಗೇ ನಿಲ್ಲಿಸಿದ. ಮ್ಯಾನೇಜರ್ ಬಂದರು. ಡಬ್ಬಿ ಬಿಚ್ಚಿಸಿದರು. ನಾನು ಸೈಟ್ ಹೊತ್ತಿಸಿ ಗೋಡೆಗಡಿಯಾರದ ಕಡೆ ನೋಡಲು ಕೊಟ್ಟೆ. ನೋಡಿದರು, ನಕ್ಕರು, ಆದರೂ ತಗೊಳ್ಳಲಿಲ್ಲ. ಮೂರನೇ ಕೊರಿಯರಿನವರು ಬಿಲ್ಲಿನ ಪ್ರತಿ, ಆಧಾರ್ ಪ್ರತಿ, ಒಳಗೆ ಏನಿದೆ ಅಂತ ಕೈಬರಹದ ಒಂದು ಪತ್ರ ಇಟ್ಟುಕೊಂಡು ಒಪ್ಪಿದರು. 180 ರೂಪಾಯಿ, ಮತ್ತು ಎರಡು ಸಂಜೆ. ಇವಿಷ್ಟನ್ನು ಮೊದಲೇ ಕೈಯಲ್ಲಿ ಹಿಡಿದು ಹೋಗಿ. ಬ್ಯಾಟರಿ ತೆಗೆದಿಡಿ, ಅದನ್ನೂ ಕೇಳುತ್ತಾರೆ.

ಬದಲಿ ಸೈಟು ಬರಲು ಇಪ್ಪತ್ತೆರಡು ದಿನ. ಹೊತ್ತಿಸಿದೆ. ಅದೇ ಕುಂಕುಮ, ಅದೇ ಬಾಲ, ಅದೇ ಓರೆ.

ಈ ಸಲ ಸಿಟ್ಟಿಗಿಂತ ಸುಸ್ತು ಜಾಸ್ತಿ ಆಯಿತು. ಡಬ್ಬಿಯಲ್ಲಿ ಹಾಕಿ ಬೀರುವಿನ ಮೇಲಿಟ್ಟೆ. ಗಣೇಶನ ಹಬ್ಬಕ್ಕೆ ಮಗಳು ಹುಬ್ಬಳ್ಳಿ ಹಾಸ್ಟೆಲಿನಿಂದ ಬಂದಳು. ಅವಳು ಏನೋ ಹುಡುಕಲು ಹೋಗಿ ಡಬ್ಬಿ ಇಳಿಸಿದಳು. ಗುಂಡಿ ಒತ್ತಿ, ಒಂದು ಕಣ್ಣಿಗೆ ಹಿಡಿದು ಹಾಲಿನ ಈ ತುದಿಯಿಂದ ದೇವರ ಮನೆ ಬಾಗಿಲ ಕಡೆ ನೋಡಿದಳು.

"ಅಪ್ಪಾ, ಎಷ್ಟು ಚೆನ್ನಾಗಿದೆ! ಪಿನ್ನಿಂದ ಚುಚ್ಚಿದ ಹಾಗಿದೆ."

"ಏನ್ ಚೆನ್ನಾಗಿದೆ, ಬಾಲ ಕಾಣಲ್ವಾ ನಿಂಗೆ?"

"ಯಾವ ಬಾಲ? ರೌಂಡಾಗಿದೆಯಲ್ಲ."

ನಾನು ಕಿತ್ತುಕೊಂಡು ನೋಡಿದೆ. ಬಾಲ. ಅವಳು ಕಿತ್ತುಕೊಂಡು ನೋಡಿದಳು. ರೌಂಡ್. ಅವಳೇ ಫೋನಿನ ಕ್ಯಾಮೆರಾವನ್ನು ಸೈಟಿನ ಹಿಂದೆ ಇಟ್ಟು ಒಂದು ಫೋಟೋ ತೆಗೆದಳು. ಪರದೆ ಮೇಲೆ ಅಚ್ಚುಕಟ್ಟಾಗಿ ದುಂಡಗಿನ ಒಂದು ಚುಕ್ಕಿ. ನಾನು ಸೈಟನ್ನು ಗಡಿಯಾರದ ಮುಳ್ಳಿನ ಹಾಗೆ ನಿಧಾನಕ್ಕೆ ತಿರುಗಿಸಿದೆ. ಸೈಟು ಸುತ್ತಿದರೂ ಬಾಲ ಸುತ್ತಲಿಲ್ಲ. ಅದೇ ಓರೆಯಲ್ಲಿ ನಿಂತಿತ್ತು. ಆಮೇಲೆ ಸೈಟನ್ನು ಹಾಗೇ ಹಿಡಿದು ನನ್ನ ತಲೆ ವಾಲಿಸಿದೆ. ಬಾಲವೂ ವಾಲಿತು.

ಬಾಲ ಇದ್ದಿದ್ದು ನನ್ನ ಕಣ್ಣಲ್ಲಿ.

ಈ ಎರಡು ಪರೀಕ್ಷೆ ಯಾರೂ ಮನೆಯಲ್ಲೇ ಮಾಡಬಹುದು, ದುಡ್ಡು ಬೇಡ. ಕ್ಯಾಮೆರಾದಲ್ಲಿ ಚುಕ್ಕಿ ದುಂಡಗೆ ಬಂದರೆ ಸೈಟು ಸರಿ ಇದೆ. ಬಾಲ ನಿಮ್ಮ ತಲೆಯ ಜೊತೆ ವಾಲಿದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇದನ್ನು ಮೊದಲೇ ಮಾಡಿದ್ದರೆ ಆ ಕೊರಿಯರ್ ಹುಡುಗನ ಪರಿಚಯವೇ ನನಗೆ ಆಗುತ್ತಿರಲಿಲ್ಲ.

ಹಬ್ಬ ಮುಗಿದ ಮೇಲೆ ಹೋದೆ. ಟೋಕನ್ ನಂಬರ್ 41. ಕಣ್ಣಿಗೆ ಡ್ರಾಪ್ಸ್ ಹಾಕಿ ಒಂದು ಗಂಟೆ ಕೂರಿಸಿದರು, ಅಷ್ಟು ಹೊತ್ತು ಪೇಪರ್ ಓದೋಕೂ ಆಗಲಿಲ್ಲ. ಡಾಕ್ಟರು ತಾಳ್ಮೆಯವರು. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಮುಂಭಾಗ ಚೆಂಡಿನ ಹಾಗೆ ಎಲ್ಲ ಕಡೆ ಒಂದೇ ಸಮ ದುಂಡಗಿಲ್ಲ, ಒಂದು ಕಡೆ ಜಾಸ್ತಿ ಬಾಗಿದೆ ಅಂದರು. ಬಲಗಣ್ಣಿಗೆ ಸಿಲಿಂಡರ್ ಪವರ್, ಅಂದರೆ ಅದನ್ನು ಸರಿಪಡಿಸುವ ಪವರ್, 1.25. ದಿನದ ಓಡಾಟದಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ, ಕತ್ತಲಲ್ಲಿ ಒಂದು ಸಣ್ಣ ಬೆಳಕಿನ ಬಿಂದು ನೋಡಿದಾಗ ಎದ್ದು ಕಾಣುತ್ತದೆ. "ರಾತ್ರಿ ಎದುರಿನ ಗಾಡಿ ಲೈಟು ಗೆರೆಗೆರೆಯಾಗಿ ಹರಡಿಕೊಳ್ತಾವಾ?" ಅಂತ ಕೇಳಿದರು. ಹೌದು, ಹತ್ತು ವರ್ಷದಿಂದ. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿದ್ದೆ. ಅಲ್ಲಿಯವರೆಗೆ ನಾನು ಹಾಕುತ್ತಿದ್ದುದು ಗಾಂಧಿಬಜಾರಿನ ಫುಟ್‌ಪಾತಿನಲ್ಲಿ ಕೊಂಡ ಓದುವ ಕನ್ನಡಕ. ಅದರಲ್ಲಿ ಸಿಲಿಂಡರ್ ಪವರ್ ಇರುವುದೇ ಇಲ್ಲ.

ಕನ್ನಡಕದ ಅಂಗಡಿಯಲ್ಲಿ ಪ್ರೋಗ್ರೆಸಿವ್, ಅಂದರೆ ದೂರ ಹತ್ತಿರ ಎರಡರ ಪವರೂ ಒಂದೇ ಗಾಜಿನಲ್ಲಿರುವುದು, ಹಾಕಿಸಿಕೊಳ್ಳಿ ಅಂತ ಬಹಳ ಒತ್ತಾಯ ಮಾಡಿದರು. ಆಫೀಸಿಗೆ ಅದು ಸರಿ. ಗುರಿ ಹಿಡಿಯೋಕೆ ಬೇಡ. ಕೆನ್ನೆಯನ್ನು ರೈಫಲ್ ಮೇಲೆ ಒತ್ತಿದಾಗ ನಾವು ನೋಡುವುದು ಗಾಜಿನ ನಡುವಿನಿಂದ ಅಲ್ಲ, ಮೂಗಿನ ಪಕ್ಕದ ಮೇಲಿನ ಮೂಲೆಯಿಂದ. ಪ್ರೋಗ್ರೆಸಿವ್ ಗಾಜಿನ ಅಂಚುಗಳಲ್ಲಿ ಚಿತ್ರ ಸೊಟ್ಟಗಾಗುತ್ತದೆ. ಕೋಚ್ ಹೇಳಿದ ಹಾಗೆ ದೂರದ ಪವರ್ ಒಂದೇ ಇರುವ, ದೊಡ್ಡ ಗಾಜಿನ ಫ್ರೇಮು ಮಾಡಿಸಿದೆ. ಅಂಗಡಿಯ ಹುಡುಗಿಗೆ ಒಂದು ಛತ್ರಿಯನ್ನು ರೈಫಲ್ ಥರ ಹಿಡಿದು ತೋರಿಸಿದೆ, ಅವಳು ಗಾಜಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಂಡಳು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನನ್ನೇ ನೋಡುತ್ತಿದ್ದರು. ಡಾಕ್ಟರ ಫೀಸು 600, ಕನ್ನಡಕ 5,200, ಎಂಟು ದಿನ.

ಹೊಸ ಕನ್ನಡಕದಲ್ಲಿ ಬಾಲ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಭಾಗ ಬೆಳಕು ಕಮ್ಮಿ ಮಾಡಿದಾಗ ಹೋಯಿತು. ನಾನು ಹೊಸಬನ ಹುರುಪಿನಲ್ಲಿ ಬ್ರೈಟ್‌ನೆಸ್ ಕೊನೆಯ ಹಂತದಲ್ಲಿ ಇಟ್ಟಿದ್ದೆ. ಒಳಾಂಗಣ ರೇಂಜಿನಲ್ಲಿ ಅದು ತೀರಾ ಜಾಸ್ತಿ. ಚುಕ್ಕಿ ಇದೆಯೋ ಇಲ್ಲವೋ ಅನ್ನುವಷ್ಟಕ್ಕೆ ಇಳಿಸಿ, ಒಂದೇ ಒಂದು ಹಂತ ಮೇಲಕ್ಕೆ ತನ್ನಿ. ಕನ್ನಡಕ ಹಾಕಿದರೂ ಬಾಲ ಹೋಗದೇ ಇರುವವರಿಗೆ ಪ್ರಿಸಂ ಸೈಟು ಅಂತ ಬೇರೆ ಜಾತಿ ಇದೆ. ಅದರಲ್ಲಿ ಗುರುತನ್ನು ಗಾಜಿನ ಮೇಲೇ ಕೊರೆದಿರುತ್ತಾರೆ, ಕಣ್ಣಿಗೆ ತಕ್ಕಂತೆ ಫೋಕಸ್ ತಿರುಗಿಸಬಹುದು. ಆದರೆ ಕಣ್ಣನ್ನು ಸೈಟಿನಿಂದ ಇಂತಿಷ್ಟೇ ದೂರದಲ್ಲಿ ಇಡಬೇಕು. ರೆಡ್ ಡಾಟ್‌ನಲ್ಲಿ ಆ ಕಟ್ಟುಪಾಡಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಸೆಪ್ಟೆಂಬರಿನಲ್ಲಿ ಸುಮಾರು ಮುನ್ನೂರು ಗುಂಡು ಹೊಡೆದ ಮೇಲೆ ಚುಕ್ಕಿ ಮಿಟುಕಲು ಶುರುವಾಯಿತು. ಆಮೇಲೆ ಒಂದು ಗುಂಡಿಗೆ ಪೂರ್ತಿ ಆರಿಹೋಯಿತು. ತಟ್ಟಿದರೆ ಬರುತ್ತದೆ, ಹೊಡೆದರೆ ಹೋಗುತ್ತದೆ. ನಮ್ಮ ಹಳೇ ಮನೆಯ ಟ್ಯೂಬ್‌ಲೈಟಿನ ಹಾಗೆ.

ಕೋಚ್ ಕಾರಣ ಹೇಳಿದರು. ಮದ್ದಿನ ಬಂದೂಕು ಹಿಂದಕ್ಕೆ ಒದೆಯುತ್ತದೆ. ಸ್ಪ್ರಿಂಗ್ ಏರ್ ಗನ್ನು ಮೊದಲು ಹಿಂದಕ್ಕೆ ಒದ್ದು, ಒಳಗಿನ ಪಿಸ್ಟನ್ ಕೊನೆಗೆ ಬಡಿದಾಗ ತಕ್ಷಣ ಮುಂದಕ್ಕೂ ಎಳೆಯುತ್ತದೆ. ಭುಜಕ್ಕೆ ಅದು ಮೆತ್ತಗೆ, ಸೈಟಿಗೆ ಎರಡು ಏಟು. ಅಗ್ಗದ ಸೈಟುಗಳು ಇದರಲ್ಲೇ ಸಾಯುವುದು. "ಏರ್ ಗನ್ನಲ್ವಾ, ಯಾವುದಾದ್ರೂ ನಡೆಯುತ್ತೆ ಅಂತ ಎಲ್ರೂ ಅಂದ್ಕೋತಾರೆ ಸರ್" ಅಂದರು. ನಾನೂ ಅದೇ ಅಂದುಕೊಂಡಿದ್ದೆ. ಕೊಳ್ಳುವಾಗ "ಸ್ಪ್ರಿಂಗ್ ಗನ್ನಿಗೆ ತಡೆಯುತ್ತದಾ" ಅಂತ ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲಿ ಅಥವಾ ವಾರಂಟಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಎರಡನೇ ಸೈಟನ್ನು ಆನ್‌ಲೈನ್‌ನಲ್ಲಿ ತರಿಸಲಿಲ್ಲ. ಡೀಲರ್ ಅಂಗಡಿಗೇ ಹೋಗಿ, ಕನ್ನಡಕ ಹಾಕಿಕೊಂಡು, ನಾಲ್ಕು ಸೈಟನ್ನು ಕೈಯಲ್ಲಿ ಹಿಡಿದು, ಬಾಗಿಲ ಆಚೆಯ ಬೋರ್ಡಿನ ಕಡೆ ನೋಡಿ ಆರಿಸಿದೆ. 7,800 ರೂಪಾಯಿ. ಕೊಳವೆಯಾಕಾರದ್ದು, ಎಲ್‌ಇಡಿ ಎರಡು ಗಾಜಿನ ನಡುವೆ ಮುಚ್ಚಿರುವ ಮಾದರಿ. ಬಯಲು ಮಾದರಿಯಲ್ಲಿ ಒಂದು ಹನಿ ನೀರು ಅಥವಾ ಒಂದು ಎಳೆ ನೂಲು ಎಲ್‌ಇಡಿ ಮೇಲೆ ಕೂತರೂ ಚುಕ್ಕಿ ಕೆಡುತ್ತದೆ. ಮುಚ್ಚಿದ್ದರಲ್ಲಿ ಒರೆಸಿದರೆ ಮುಗಿಯಿತು. ತೂಕ ಸ್ವಲ್ಪ ಜಾಸ್ತಿ, ನನಗೆ ಪರವಾಗಿಲ್ಲ.

ಚುಕ್ಕಿಯ ಗಾತ್ರದ ಬಗ್ಗೆ ಸ್ವಲ್ಪ ಲೆಕ್ಕ ಹೇಳಬೇಕು, ಅಂಗಡಿಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅಳತೆ ಎಂಒಎ (ಮಿನಿಟ್ ಆಫ್ ಆಂಗಲ್, ಕೋನದ ಒಂದು ಅಳತೆ) ಅಂತ ಇರುತ್ತದೆ. ಒಂದು ಎಂಒಎ ಅಂದರೆ 100 ಮೀಟರಿಗೆ ಸುಮಾರು 2.9 ಸೆಂಟಿಮೀಟರ್, 10 ಮೀಟರಿಗೆ ಸುಮಾರು 2.9 ಮಿಲಿಮೀಟರ್. 6 ಎಂಒಎ ಚುಕ್ಕಿ 10 ಮೀಟರಿನಲ್ಲಿ 17 ಮಿಲಿಮೀಟರ್ ಜಾಗ ಮುಚ್ಚುತ್ತದೆ. ಏರ್ ಪಿಸ್ತೂಲ್ ಕಾರ್ಡಿನ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್. ಅಂದರೆ ಗುರಿಯೇ ಚುಕ್ಕಿಯ ಹಿಂದೆ ಅಡಗಿಹೋಗುತ್ತದೆ. 2 ಎಂಒಎ ಆದರೆ 6 ಮಿಲಿಮೀಟರಿಗೂ ಕಮ್ಮಿ, ಸುತ್ತ ಗುರಿ ಕಾಣುತ್ತದೆ. ದೊಡ್ಡ ಚುಕ್ಕಿ ಬೇಗ ಕಣ್ಣಿಗೆ ಬೀಳುತ್ತದೆ ನಿಜ, ಆದರೆ ಅದು ಅವಸರದವರಿಗೆ. ನಾನು 2 ಎಂಒಎ ತಗೊಂಡೆ.

ಮಾರನೇ ದಿನವೇ ಆಯುಧ ಪೂಜೆ. ಸ್ಕೂಟರು, ಮಿಕ್ಸಿ, ಮಗಳ ಲ್ಯಾಪ್‌ಟಾಪು, ಈಳಿಗೆಮಣೆ ಎಲ್ಲ ಸಾಲಾಗಿ ಕೂತಿದ್ದವು. ರೈಫಲನ್ನೂ ಇಟ್ಟೆ, ಹೊಸ ಸೈಟಿನ ಸಮೇತ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಎಲ್ಲದಕ್ಕೂ ಅರಿಶಿನ ಕುಂಕುಮ ಹಚ್ಚಿ ಆಗಿತ್ತು. ಸೈಟಿಗೂ. ಸರಿಯಾಗಿ ಮುಂದಿನ ಗಾಜಿನ ನಡುವೆ, ಒದ್ದೆ ಬೆರಳಿನಲ್ಲಿ, ದುಂಡಗೆ, ಅಚ್ಚುಕಟ್ಟಾಗಿ.

"ಕಣ್ಣು ಇರೋ ಜಾಗ ಅಲ್ವಾ ಅದು, ಅಲ್ಲೇ ಇಟ್ಟೆ" ಅಂದಳು.

ಏನು ಹೇಳಲಿ. ಮೂರು ತಿಂಗಳು ಗಾಜಿನಲ್ಲಿ ಇಲ್ಲದ ಕುಂಕುಮ ನೋಡಿ ಜಗಳವಾಡಿದವನ ಮುಂದೆ ನಿಜವಾದ ಕುಂಕುಮ. ಪಂಚೆಯ ತುದಿಯಿಂದ ಒರೆಸಲು ಕೈ ಹೋಗಿತ್ತು, ಮಗಳು ಹಿಡಿದಳು. ಕುಂಕುಮದ ಪುಡಿಯನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಗಾಜಿನ ಮೇಲಿನ ಲೇಪನಕ್ಕೆ ಗೀರು ಬೀಳುತ್ತದೆ. ಮೊದಲು ಒಣಗಲು ಬಿಟ್ಟು, ರಬ್ಬರ್ ಬುಡ್ಡೆಯಿಂದ ಊದಿ, ಮೆತ್ತನೆಯ ಬ್ರಷ್ಷಿನಲ್ಲಿ ಸರಿಸಿ, ಕೊನೆಗೆ ಕನ್ನಡಕದ ಅಂಗಡಿಯವರು ಕೊಟ್ಟ ದ್ರವ ಮತ್ತು ಬಟ್ಟೆ. ಅರ್ಧ ಗಂಟೆ ಹಿಡಿಯಿತು. ಫ್ರೇಮಿನ ಮೂಲೆಯಲ್ಲಿ ಒಂದು ಚೂರು ಕೆಂಪು ಈಗಲೂ ಇದೆ. ಅದನ್ನು ಬಿಟ್ಟಿದ್ದೇನೆ.

ಆಮೇಲೆ ಝೀರೋ ಮಾಡುವ ಕೆಲಸ. ಚುಕ್ಕಿ ಇರುವ ಕಡೆ ಗುಂಡು ಬೀಳುವ ಹಾಗೆ ಹೊಂದಿಸುವುದಕ್ಕೆ ಹಾಗನ್ನುತ್ತಾರೆ. ಮೊದಲು ಸ್ಕ್ರೂಗಳು: ಎಲ್ಲ ಬಿಚ್ಚಿ, ಎಣ್ಣೆ ಒರೆಸಿ, ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದೊಂದು ಹನಿ ಹಾಕಿ ಬಿಗಿ ಮಾಡಿ ಒಂದು ರಾತ್ರಿ ಬಿಟ್ಟೆ. ಕೆಂಪು ಲಾಕ್‌ಟೈಟ್ ಹಾಕಬೇಡಿ, ಆಮೇಲೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ.

ರೇಂಜಿನಲ್ಲಿ ಮೊದಲ ಐದು ಗುಂಡು. ಗುಂಪು ಚೆನ್ನಾಗಿಯೇ ಬಿತ್ತು, ಆದರೆ ನಡುವಿನಿಂದ 7 ಸೆಂಟಿಮೀಟರ್ ಕೆಳಗೆ, 3 ಸೆಂಟಿಮೀಟರ್ ಎಡಕ್ಕೆ. ನನ್ನ ಸೈಟಿನ ಒಂದು ಕ್ಲಿಕ್ಕು ಒಂದು ಎಂಒಎ, ಅಂದರೆ 10 ಮೀಟರಿಗೆ 2.9 ಮಿಲಿಮೀಟರ್. 70ನ್ನು 2.9ರಿಂದ ಭಾಗಿಸಿದರೆ 24 ಕ್ಲಿಕ್ಕು. ಬ್ಯಾಂಕಿನವನಲ್ವಾ, ಲೆಕ್ಕ ಸರಿಯಾಗೇ ಮಾಡಿದೆ. ತಿರುಗಿಸಿದ್ದು ಉಲ್ಟಾ. ಮುಂದಿನ ಗುಂಡು ಕಾರ್ಡನ್ನೇ ಬಿಟ್ಟು ಹಿಂದಿನ ಹಲಗೆಗೆ ಹೋಯಿತು. ಸ್ಕ್ರೂ ಪಕ್ಕದ ಬಾಣದ ಗುರುತು ಹೇಳುವುದು ಗುಂಡು ಎತ್ತ ಹೋಗಬೇಕು ಅಂತ. ಚುಕ್ಕಿ ಎತ್ತ ಹೋಗಬೇಕು ಅಂತ ಅಲ್ಲ. ಕೆಳಗೆ ಬೀಳುತ್ತಿದ್ದರೆ ಮೇಲಿನ ಬಾಣದ ಕಡೆ ತಿರುಗಿಸಿ. ಎರಡು ಮೂರು ಕ್ಲಿಕ್ಕು ತಿರುಗಿಸಿ ಒಂದು ಹೊಡೆದು ನೋಡಿ, ಆಮೇಲೆ ಉಳಿದದ್ದು.

ಕೋಚ್ ಕಾರ್ಡನ್ನು 5 ಮೀಟರಿಗೆ ತಂದು ಕಟ್ಟಿಕೊಟ್ಟರು. ಅಲ್ಲಿ ಗುಂಡು ಕಾರ್ಡು ತಪ್ಪುವುದಿಲ್ಲ. ಒಂದು ನೆನಪಿಡಿ: ಸೈಟು ಬ್ಯಾರೆಲ್‌ಗಿಂತ ಎತ್ತರದಲ್ಲಿ ಕೂತಿರುತ್ತದೆ, ನನ್ನದರಲ್ಲಿ ನಾಲ್ಕೂವರೆ ಸೆಂಟಿಮೀಟರ್. ಹಾಗಾಗಿ 10 ಮೀಟರಿಗೆ ಹೊಂದಿಸಿದ ಸೈಟು 5 ಮೀಟರಿನಲ್ಲಿ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಕೆಳಗೇ ಹೊಡೆಯಬೇಕು. ಅಲ್ಲಿ ನಡುವಿಗೆ ಬಿತ್ತು ಅಂತ ಖುಷಿಪಟ್ಟರೆ 10 ಮೀಟರಿಗೆ ಹೋದಾಗ ಮೇಲೆ ಹೋಗಿರುತ್ತದೆ.

ಇನ್ನೊಂದು ಸುಳ್ಳು ಜಾಹೀರಾತಿನಲ್ಲಿ ಬರುತ್ತದೆ. ಚುಕ್ಕಿ ಗಾಜಿನಲ್ಲಿ ಎಲ್ಲೇ ಇದ್ದರೂ ಗುಂಡು ಅಲ್ಲೇ ಬೀಳುತ್ತದೆ ಅನ್ನುತ್ತಾರೆ. ದೂರಕ್ಕೆ ಅದು ಹೆಚ್ಚುಕಮ್ಮಿ ನಿಜ. 10 ಮೀಟರಿಗೆ ಅಲ್ಲ. ರೈಫಲನ್ನು ಮರಳಚೀಲದ ಮೇಲೆ ಅಲುಗದ ಹಾಗೆ ಇಟ್ಟು ತಲೆಯನ್ನು ಮಾತ್ರ ಆಚೀಚೆ ಮಾಡಿ ನೋಡಿ. ಚುಕ್ಕಿ ಕಾರ್ಡಿನ ಮೇಲೆ ಓಡಾಡುತ್ತದೆ. 20 ಮಿಲಿಮೀಟರ್ ಗಾಜಿನ ಸೈಟು 50 ಗಜಕ್ಕೆ ಹೊಂದಿಸಿದ್ದಾದರೆ, ಕಣ್ಣು ಗಾಜಿನ ಅಂಚಿಗೆ ಸರಿದಾಗ 10 ಮೀಟರಿನಲ್ಲಿ ಸುಮಾರು 8 ಮಿಲಿಮೀಟರ್ ತಪ್ಪುತ್ತದೆ. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಇಡಿ, ಚುಕ್ಕಿಯನ್ನು ಗಾಜಿನ ನಡುವೆ ಇಟ್ಟುಕೊಳ್ಳಿ. ಎರಡೂ ಕಣ್ಣು ತೆರೆದಿರಲಿ. ಮತ್ತು ಚುಕ್ಕಿಯನ್ನು ದಿಟ್ಟಿಸಬೇಡಿ, ಕಾರ್ಡನ್ನು ನೋಡಿ. ಇದು ಹೇಳುವಷ್ಟು ಸುಲಭ ಅಲ್ಲ. ಮೂವತ್ತು ವರ್ಷ ಮುಂದಿನ ಕಡ್ಡಿಯನ್ನೇ ನೋಡಿ ಅಂತ ಕಲಿಸಿಕೊಂಡವರಿಗೆ ಇನ್ನೂ ಕಷ್ಟ ಅಂತ ಕೋಚ್ ಹೇಳಿದರು.

ಬ್ಯಾಟರಿ ಸಿಆರ್2032, ಎಲ್ಲ ಕಡೆ ಸಿಗುತ್ತದೆ. ನಾನು ಎರಡು ಸಲ ಆಫ್ ಮಾಡಲು ಮರೆತು ಎರಡು ಬ್ಯಾಟರಿ ಕಳೆದೆ. ಚಿಕ್ಕಪೇಟೆ ಮೆಟ್ರೋ ಇಳಿದು ಎಸ್‌ಪಿ ರೋಡಿಗೆ ಹೋಗಿ ಐದರ ಒಂದು ಪಟ್ಟಿ ತಂದಿಟ್ಟಿದ್ದೇನೆ.

ಒಟ್ಟು ಖರ್ಚು: ಮೊದಲ ಸೈಟು 2,400, ಅಡಾಪ್ಟರ್ 650, ಕೊರಿಯರ್ 180, ಡಾಕ್ಟರು ಮತ್ತು ಕನ್ನಡಕ 5,800, ಎರಡನೇ ಸೈಟು 7,800. 16,830 ಆಯಿತು. ಪೀಣ್ಯದ ಪೆಟ್ರೋಲು, ರೇಂಜಿನ ಫೀಸು, ಪೆಲೆಟ್ ಸೇರಿಸಿಲ್ಲ. ಮೊದಲು ಕಣ್ಣು ತೋರಿಸಿ, ಆಮೇಲೆ ರೈಲ್ ಅಳೆದು, ಆಮೇಲೆ ಅಂಗಡಿಗೆ ಹೋಗಿದ್ದರೆ 2,580 ಉಳಿಯುತ್ತಿತ್ತು, ಮೂರು ತಿಂಗಳೂ ಉಳಿಯುತ್ತಿತ್ತು.

ಅಕ್ಟೋಬರ್ ಕೊನೆಯ ಭಾನುವಾರ ಹತ್ತು ಗುಂಡು ಎರಡೂವರೆ ಸೆಂಟಿಮೀಟರಿನೊಳಗೆ ಬಿದ್ದವು. ಕಾರ್ಡನ್ನು ಮಡಿಸಿ ಆಫೀಸಿಗೆ ಒಯ್ದೆ. ವಿರಾಜಪೇಟೆಯ ಗೆಳೆಯರು ಅದನ್ನು ಕಿಟಕಿಗೆ ಹಿಡಿದು ತೂತುಗಳನ್ನು ಎಣಿಸಿದರು. "ಹತ್ತೂ ಇದೆಯಲ್ಲ" ಅಂದರು. ಅವರ ಕಡೆಯಿಂದ ಅದೇ ದೊಡ್ಡ ಹೊಗಳಿಕೆ.

ಸ್ಪರ್ಧೆಗೆ ಇಳಿಯುವ ಆಸೆ ಇದ್ದವರಿಗೆ ಇದೊಂದು ತಿಳಿದಿರಲಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದಲ್ಲಿ 10 ಮೀಟರ್ ಏರ್ ರೈಫಲ್, ಏರ್ ಪಿಸ್ತೂಲ್ ಎರಡಕ್ಕೂ ರೆಡ್ ಡಾಟ್ ಹಾಕುವ ಹಾಗಿಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಿದ್ದೂ, ಮನು ಭಾಕರ್ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದಿದ್ದೂ ಬರೀ ಕಬ್ಬಿಣದ ಕಚ್ಚು ಮತ್ತು ಕಡ್ಡಿಯಲ್ಲಿ. ಮುಂದಿನ ತಿಂಗಳು ನಮ್ಮ ರೇಂಜಿನಲ್ಲೇ ಒಂದು ಸಣ್ಣ ಸ್ಪರ್ಧೆ ಇದೆ, ಅದೇ ನಿಯಮ. ರೈಫಲಿಗೆ ಪೀಪ್ ಸೈಟು ಹಾಕಬಹುದು, ಸಣ್ಣ ತೂತಿನಿಂದ ನೋಡಿದರೆ ವಯಸ್ಸಾದ ಕಣ್ಣಿಗೂ ಹತ್ತಿರ ದೂರ ಎರಡೂ ಸ್ವಲ್ಪ ಸ್ಪಷ್ಟವಾಗುತ್ತದೆ ಅಂತ ಕೋಚ್ ಒಂದನ್ನು ಎರವಲು ಕೊಟ್ಟಿದ್ದಾರೆ.

ನಿನ್ನೆ ರಾತ್ರಿ ಊಟ ಆದ ಮೇಲೆ ಅಲೆನ್ ಕೀ ತಗೊಂಡು ಕೂತು ರೆಡ್ ಡಾಟ್ ಬಿಚ್ಚಿದೆ. ಬಿಚ್ಚುವ ಮೊದಲು ರೈಲಿನ ಮೇಲೆ ಬಿಳಿ ಮಾರ್ಕರಿನಲ್ಲಿ ಗೆರೆ ಹಾಕಿದೆ, ಯಾವ ಕಚ್ಚಿನಲ್ಲಿ ಕೂತಿತ್ತು ಅಂತ. ಆಫ್ ಮಾಡಿದ್ದೀಯಾ ಅಂತ ಹೆಂಡತಿ ಒಳಗಿನಿಂದ ಕೇಳಿದಳು. ನೋಡಿದೆ. ಮಾಡಿರಲಿಲ್ಲ.